ಚಿಕನ್‌ಪಾಕ್ಸ್ ಬಂದವರಿಗೆ ಬಿಪಿ ಮಾತ್ರೆ ಕೊಟ್ಟು ನೋಡುತ್ತೇವೆ ಎಂದರೆ: ಒಪ್ಪಿಗೆ ಪತ್ರ ಓದುವ ಬಗೆ

ರಕ್ತದೊತ್ತಡದ ಮಾತ್ರೆಗೂ ಮೈಮೇಲೆ ಏಳುವ ನೀರುಗುಳ್ಳೆಗೂ ಎಲ್ಲಿಯ ನಂಟು ಎಂದು ಯಾರಾದರೂ ಕೇಳುತ್ತಾರೆ. ನಂಟು ಇದೆ, ಅಥವಾ ಇರಬಹುದು ಎಂದು ಕೆಲವು ವೈದ್ಯರು ಯೋಚಿಸುತ್ತಾರೆ. ಹಾಗೆ ಯೋಚಿಸಿದವರು ಅದನ್ನು ಪರೀಕ್ಷಿಸಬೇಕಾದರೆ ಮನುಷ್ಯರೇ ಬೇಕು. ಆ ಮನುಷ್ಯ ನೀವೋ ನಿಮ್ಮ ತಮ್ಮನೋ ಆದಾಗ ಹತ್ತು ಹನ್ನೆರಡು ಪುಟದ ಕಾಗದವೊಂದು ಕೈಗೆ ಬರುತ್ತದೆ, ಕೊನೆಯ ಪುಟದಲ್ಲಿ ಸಹಿಗೆ ಜಾಗ ಇರುತ್ತದೆ. ಈ ಬರಹ ಆ ಕಾಗದವನ್ನು ಕುರಿತದ್ದು.

ನಾನು ಡಾಕ್ಟರ್ ಅಲ್ಲ. ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟು ನಿವೃತ್ತಳಾದವಳು. ಬಳ್ಳಾರಿಯಲ್ಲಿ ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಒಂದು ಎಥಿಕ್ಸ್ ಕಮಿಟಿಯಲ್ಲಿ ಜನಸಾಮಾನ್ಯರ ಪರವಾಗಿ ಕೂರುತ್ತೇನೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ (ಮನುಷ್ಯರ ಮೇಲೆ ನಡೆಸುವ ಔಷಧ ಪರೀಕ್ಷೆ) ನಿಯಮಗಳ ಪ್ರಕಾರ ಇಂಥ ಸಮಿತಿಯಲ್ಲಿ ಕನಿಷ್ಠ ಏಳು ಜನ ಇರಬೇಕು. ಅವರಲ್ಲಿ ವೈದ್ಯರು, ಕಾನೂನು ಬಲ್ಲವರು, ಮಹಿಳೆ ಇರಬೇಕು. ವೈದ್ಯಕೀಯದ ಗಂಧಗಾಳಿ ಇಲ್ಲದ ಸಾಮಾನ್ಯರೊಬ್ಬರೂ ಇರಲೇಬೇಕು. ಅರ್ಧದಷ್ಟಾದರೂ ಸದಸ್ಯರು ಆ ಸಂಸ್ಥೆಗೆ ಸೇರದ ಹೊರಗಿನವರಾಗಿರಬೇಕು. ನನ್ನ ಕೆಲಸ ಒಂದೇ: ಒಪ್ಪಿಗೆ ಪತ್ರ ಓದಿ, ಕುರುಗೋಡಿನಿಂದಲೋ ಸಿರುಗುಪ್ಪದಿಂದಲೋ ಬಂದ ರೋಗಿಗೆ ಇದು ತಿಳಿಯುತ್ತದೆಯೇ ಎಂದು ಹೇಳುವುದು. ಕೆಂಪು ಪೆನ್ನು ಹಿಡಿದ ಕೈಗೆ ಇದು ಹೊಸ ಕೆಲಸವೇನೂ ಅಲ್ಲ.

ಸಮಿತಿಯೊಳಗಿನ ಮಾತನ್ನು ಹೊರಗೆ ಆಡುವಂತಿಲ್ಲ. ಆದ್ದರಿಂದ ಇಲ್ಲಿ ನಾನೇ ಕಟ್ಟಿದ ಒಂದು ಉದಾಹರಣೆ ಇಟ್ಟುಕೊಂಡಿದ್ದೇನೆ: ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್ ಬಂದ ವಯಸ್ಕರಿಗೆ ಎಂದಿನ ಔಷಧಿಯ ಜೊತೆಗೆ ಲೋಸಾರ್ಟಾನ್ ಅಥವಾ ಟೆಲ್ಮಿಸಾರ್ಟಾನ್ ಎಂಬ ಬಿಪಿ ಮಾತ್ರೆಯನ್ನೂ ಕೊಟ್ಟರೆ ಬೇಗ ವಾಸಿಯಾಗುತ್ತದೆಯೇ ಎಂಬ ಸಂಶೋಧನೆ.

ಈ ಯೋಚನೆ ಎಲ್ಲಿಂದ ಬರುತ್ತದೆ

ನಮ್ಮ ದೇಹದಲ್ಲಿ ಆಂಜಿಯೋಟೆನ್ಸಿನ್ ಎಂಬ ವಸ್ತು ಇದೆ. ಅದು ರಕ್ತನಾಳಗಳನ್ನು ಬಿಗಿದು ಒತ್ತಡ ಏರಿಸುತ್ತದೆ. ಲೋಸಾರ್ಟಾನ್, ಟೆಲ್ಮಿಸಾರ್ಟಾನ್ ಮೊದಲಾದ ‘ಸಾರ್ಟಾನ್’ ಬಳಗದ ಮಾತ್ರೆಗಳು ಅದು ಕೆಲಸ ಮಾಡುವ ಜಾಗವನ್ನೇ ಅಡ್ಡಗಟ್ಟುತ್ತವೆ. ಆಂಜಿಯೋಟೆನ್ಸಿನ್‌ಗೆ ಇನ್ನೊಂದು ಗುಣವೂ ಇದೆ: ಅದು ಉರಿಯೂತವನ್ನು ಕೆರಳಿಸುತ್ತದೆ. ಸೋಂಕಿನಲ್ಲಿ ರೋಗಿಯನ್ನು ಬಸವಳಿಸುವುದು ಎಷ್ಟೋ ಸಲ ವೈರಸ್‌ಗಿಂತ ಹೆಚ್ಚಾಗಿ ಅದರ ಮೇಲೆ ದೇಹ ಹೂಡುವ ಯುದ್ಧವೇ. ಹಾಗಾದರೆ ಆ ಕೆರಳುವಿಕೆಯನ್ನು ಬಿಪಿ ಮಾತ್ರೆಯಿಂದ ತಣಿಸಬಹುದೇ? ಪ್ರಶ್ನೆ ಅರ್ಥವಿಲ್ಲದ್ದೇನೂ ಅಲ್ಲ.

ಒಂದು ಕಾಯಿಲೆಗೆಂದು ಮಾಡಿದ ಮಾತ್ರೆ ಇನ್ನೊಂದಕ್ಕೆ ದಕ್ಕಿದ ಉದಾಹರಣೆಗಳು ಸಾಕಷ್ಟಿವೆ. ಬೋಳುತಲೆಗೆ ಹಚ್ಚುವ ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ಹೃದಯ ಮತ್ತು ಬಿಪಿ ರೋಗಿಗಳಿಗೆ ಕೊಡುತ್ತಿದ್ದ ಪ್ರೊಪ್ರನೊಲಾಲ್ ಹಸುಗೂಸುಗಳ ಚರ್ಮದ ಮೇಲಿನ ಕೆಂಪು ರಕ್ತಗಂಟುಗಳನ್ನು ಕರಗಿಸುತ್ತದೆ ಎಂದು 2008ರಲ್ಲಿ ಫ್ರಾನ್ಸಿನ ವೈದ್ಯರು ವರದಿ ಮಾಡಿದರು.

ಆದರೆ ಯೋಚನೆ ಚೆನ್ನಾಗಿದ್ದ ಮಾತ್ರಕ್ಕೆ ಮಾತ್ರೆ ಕೆಲಸ ಮಾಡುವುದಿಲ್ಲ. ಕೋವಿಡ್ ಕಾಲದಲ್ಲಿ ಇದೇ ಸಾರ್ಟಾನ್‌ಗಳ ಮೇಲೆ ದೊಡ್ಡ ಆಸೆ ಹುಟ್ಟಿತ್ತು. ಭಾರತ ಮತ್ತು ಆಸ್ಟ್ರೇಲಿಯಾದಲ್ಲಿ 787 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2022ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ನಮ್ಮ ದೇಶದವರೇ, ನಮ್ಮಲ್ಲಿ ಕೊಟ್ಟದ್ದು ಟೆಲ್ಮಿಸಾರ್ಟಾನ್. ರೋಗದ ತೀವ್ರತೆಯಲ್ಲಿ ಲಾಭ ಕಾಣಲಿಲ್ಲ. 2023ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ, ತೀವ್ರ ನಿಗಾ ಘಟಕದಲ್ಲಿದ್ದ ಕೋವಿಡ್ ರೋಗಿಗಳಿಗೆ ಇಂಥ ಮಾತ್ರೆಗಳಿಂದ ಕೆಡುಕೇ ಆಗುತ್ತಿರಬಹುದು ಎಂಬ ಅನುಮಾನ ಬಂದು ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದರು. ನಿಮ್ಮ ಕೈಗೆ ಕಾಗದ ಕೊಡುವವರು ‘ಇದು ಹಳೆಯ ಮಾತ್ರೆ, ಕೋಟಿಗಟ್ಟಲೆ ಜನ ನುಂಗುತ್ತಾರೆ, ಏನೂ ಆಗುವುದಿಲ್ಲ’ ಎಂದರೆ ಈ ಎರಡು ಪರೀಕ್ಷೆಗಳನ್ನು ನೆನಪಿಸಿ. ಹಳೆಯ ಮಾತ್ರೆ ಹೌದು, ಆದರೆ ಈ ಕಾಯಿಲೆಗೆ ಅದು ಹೊಸದು.

ಇಲ್ಲೇ ಒಂದು ಎಚ್ಚರಿಕೆ. ಮೊದಲಿನಿಂದಲೂ ಬಿಪಿ ಮಾತ್ರೆ ನುಂಗುತ್ತಿರುವವರ ಮಾತು ಬೇರೆ. ಅಂಥವರು ಮೈಮೇಲೆ ಗುಳ್ಳೆ ಎದ್ದವು ಎಂದು ತಾವೇ ಮಾತ್ರೆ ನಿಲ್ಲಿಸಬಾರದು. ಕೋವಿಡ್ ಸಮಯದಲ್ಲಿ ಬ್ರೆಜಿಲ್‌ನಲ್ಲಿ ಇದನ್ನೂ ಪರೀಕ್ಷಿಸಿದ್ದರು. ಈ ಬಗೆಯ ಮಾತ್ರೆಗಳನ್ನು ನಿಲ್ಲಿಸಿದವರಿಗೂ ಮುಂದುವರಿಸಿದವರಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಜ್ವರದ ಜೊತೆ ವಾಂತಿಯೋ ಭೇದಿಯೋ ಹಿಡಿದು ಮೈಯ ನೀರು ಆರಿದರೆ ಅದೇ ದಿನ ವೈದ್ಯರನ್ನು ಕೇಳಿ. ಆಗ ಕೆಲವು ಬಿಪಿ ಮಾತ್ರೆಗಳನ್ನು ತಾತ್ಕಾಲಿಕವಾಗಿ ತಡೆಯುವುದುಂಟು. ಅದನ್ನು ತೀರ್ಮಾನಿಸಬೇಕಾದವರು ವೈದ್ಯರು.

ಮನೆಯಿಂದ ಹೊರಡುವ ಮೊದಲು

ಎಷ್ಟೋ ಮನೆಗಳಲ್ಲಿ ಹಿರಿಯರ ಮಾತ್ರೆಗಳು ಒಂದು ಸ್ಟೀಲ್ ಡಬ್ಬಿಯಲ್ಲಿರುತ್ತವೆ. ನಮ್ಮ ಪಕ್ಕದ ಮನೆಯ ಯಜಮಾನರದ್ದೂ ಹಾಗೆಯೇ: ಅಡಿಕೆ ಚೂರು, ಒಂದು ಸೇಫ್ಟಿ ಪಿನ್, ನಡುವೆ ಕತ್ತರಿಸಿದ ಮಾತ್ರೆಯ ತುಂಡುಗಳು. ಅಂಗಡಿಯವನು ಐದೈದು ಮಾತ್ರೆ ಕತ್ತರಿಸಿ ಕೊಟ್ಟಾಗ ಹೆಸರು ಒಂದು ತುಂಡಿಗೆ ಹೋಗಿರುತ್ತದೆ, ತಾರೀಖು ಇನ್ನೊಂದಕ್ಕೆ. ಉಳಿದ ಬೆಳ್ಳಿಹಾಳೆಯ ಮೇಲೆ ‘ಟಾನ್’ ಎಂಬ ಕೊನೆಯ ಅಕ್ಷರಗಳು ಮಾತ್ರ. “ಟೀಚರಮ್ಮಾ, ಇದು ಬಿಪಿಯದ್ದೋ ಗ್ಯಾಸಿನದ್ದೋ ನೋಡಿ ಹೇಳಿ” ಎಂದು ಅವರು ಡಬ್ಬಿ ಮುಂದೆ ಹಿಡಿದರೆ ನಾನಾದರೂ ಏನು ಹೇಳಲಿ?

ಸಂಶೋಧನೆಗೆ ಸೇರಿಸಿಕೊಳ್ಳುವವರು ಮೊದಲು ಕೇಳುವುದೇ ಈಗ ಏನೇನು ನುಂಗುತ್ತಿದ್ದೀರಿ ಎಂದು. ಡಬ್ಬಿಯನ್ನೇ ಒಯ್ಯಿರಿ. ಸಾಧ್ಯವಾದರೆ ಅಂಗಡಿಯ ರಸೀದಿಯನ್ನೂ ಒಯ್ಯಿರಿ. ಆಯುರ್ವೇದದ ಪುಡಿ, ನೋವಿನ ಗುಳಿಗೆ, ಬೇರೆಯವರು ಕೊಟ್ಟ ಮಾತ್ರೆ, ಯಾವುದನ್ನೂ ಮುಚ್ಚಿಡಬೇಡಿ. ಈಗಾಗಲೇ ಒಂದು ಸಾರ್ಟಾನ್ ನುಂಗುವವರಿಗೆ ಇನ್ನೊಂದು ಸಾರ್ಟಾನ್ ಕೊಟ್ಟರೆ ಒತ್ತಡ ಕುಸಿಯಬಹುದು.

ಮೊದಲ ಗುಳ್ಳೆ ಯಾವಾಗ ಕಂಡಿತು ಎಂಬುದನ್ನು ಗಂಟೆಯ ಲೆಕ್ಕದಲ್ಲಿ ಬರೆದುಕೊಳ್ಳಿ. ಈ ವೈರಸ್‌ಗೆ ನಿಜವಾಗಿ ಕೆಲಸ ಮಾಡುವ ಔಷಧ ಅಸೈಕ್ಲೋವಿರ್. ವಯಸ್ಕರಿಗೆ ಅದು ಹೆಚ್ಚು ಫಲಿಸುವುದು ಗುಳ್ಳೆ ಎದ್ದ ಮೊದಲ 24 ಗಂಟೆಯೊಳಗೆ ಶುರು ಮಾಡಿದಾಗ. ಒಬ್ಬರಿಗೆ ಮೊದಲ ದಿನ, ಇನ್ನೊಬ್ಬರಿಗೆ ನಾಲ್ಕನೆಯ ದಿನ ಅದನ್ನು ಕೊಟ್ಟು ಇಬ್ಬರನ್ನೂ ಹೋಲಿಸಿದರೆ ಬಿಪಿ ಮಾತ್ರೆಯ ಗುಣ ತಿಳಿಯುವುದಾದರೂ ಹೇಗೆ? ಇನ್ನೂ ಮುಖ್ಯವಾದದ್ದು, ಸಹಿ ಹಾಕುವುದೋ ಬೇಡವೋ ಎಂದು ಯೋಚಿಸುತ್ತಾ ಅಸೈಕ್ಲೋವಿರ್ ಶುರು ಮಾಡುವುದನ್ನು ತಡ ಮಾಡಬೇಡಿ. ಚಿಕಿತ್ಸೆ ಈಗಲೇ, ಸಂಶೋಧನೆಯ ಮಾತು ಆಮೇಲೆ ಎಂದು ಹೇಳುವ ಹಕ್ಕು ನಿಮಗಿದೆ.

ಕಾಗದವನ್ನು ಎಲ್ಲಿಂದ ಓದಬೇಕು

ಮೊದಲ ಪುಟದಿಂದ ಓದಬೇಡಿ. ಅಲ್ಲಿ ಸಂಸ್ಥೆಯ ಹೆಸರು, ಉದ್ದೇಶ, ವಿಜ್ಞಾನದ ಮುನ್ನಡೆ ಎಂದೆಲ್ಲ ಇರುತ್ತದೆ. ಅಷ್ಟು ಓದುವಷ್ಟರಲ್ಲಿ ಜ್ವರ ಬಂದ ಮನುಷ್ಯನಿಗೆ ಕಣ್ಣು ಎಳೆಯುತ್ತದೆ. ನೇರವಾಗಿ ‘ಎರಡು ಗುಂಪುಗಳು’ ಎಂದು ಬರೆದಿರುವ ಜಾಗಕ್ಕೆ ಹೋಗಿ.

ಅಲ್ಲಿ ಕೇಳಬೇಕಾದದ್ದು ಮಾತ್ರೆ ಸಿಗದವನ ಬಗ್ಗೆ. ಏಕೆಂದರೆ ಚಿಕನ್‌ಪಾಕ್ಸ್ ಹೆಚ್ಚಿನ ಆರೋಗ್ಯವಂತರಲ್ಲಿ ಏಳೆಂಟು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಗುಳ್ಳೆ ಒಣಗಿ ಹಕ್ಕಳೆಯಾಗಿ ಉದುರುತ್ತದೆ. ಇಂಥ ಕಾಯಿಲೆಯಲ್ಲಿ ಏನು ಕೊಟ್ಟರೂ ಅದರಿಂದಲೇ ವಾಸಿಯಾಯಿತು ಎನಿಸುತ್ತದೆ. ದುರ್ಗಮ್ಮನ ಗುಡಿಗೆ ಮೊಸರನ್ನ ಒಯ್ದವರಿಗೂ ಹಾಗೆ ಅನಿಸುತ್ತದೆ, ನಾಟಿ ಔಷಧಿ ಕೊಟ್ಟವನಿಗೂ ಹಾಗೆ ಅನಿಸುತ್ತದೆ, ಎಂಡಿ ಓದಿದ ಡಾಕ್ಟರಿಗೂ ಅನಿಸಬಹುದು. ಹತ್ತು ಜನರಿಗೆ ಬಿಪಿ ಮಾತ್ರೆ ಕೊಟ್ಟೆವು, ಹತ್ತೂ ಜನ ಗುಣವಾದರು ಎಂಬ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ. ಮಾತ್ರೆ ಸಿಗದ ಹತ್ತು ಜನ ಎಷ್ಟು ದಿನಕ್ಕೆ ಗುಣವಾದರು ಎಂಬುದೇ ಇಡೀ ಸಂಶೋಧನೆ.

ಆದ್ದರಿಂದ ಇವನ್ನು ನೋಡಿ. ಎರಡೂ ಗುಂಪಿನವರಿಗೆ ಅಸೈಕ್ಲೋವಿರ್ ಮತ್ತು ಉಳಿದ ಎಂದಿನ ಚಿಕಿತ್ಸೆ ಸಮನಾಗಿ ಸಿಗುತ್ತದೆಯೇ? ಒಂದು ಗುಂಪಿಗೆ ಅದನ್ನು ತಪ್ಪಿಸಿ ಬಿಪಿ ಮಾತ್ರೆ ಮಾತ್ರ ಕೊಡುತ್ತೇವೆ ಎಂದಿದ್ದರೆ ನಾನಂತೂ ಕೆಂಪು ಗೆರೆ ಎಳೆಯುತ್ತೇನೆ. ಯಾರಿಗೆ ಯಾವ ಗುಂಪು ಎಂಬುದನ್ನು ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಟ್ಟಿದ್ದಾರೆಯೇ, ಡಾಕ್ಟರು ತಮಗೆ ಬೇಕಾದವರನ್ನು ಆರಿಸುತ್ತಾರೆಯೇ? ಎರಡನೆಯ ಗುಂಪಿಗೆ ನೋಡಲು ಹಾಗೆಯೇ ಇರುವ, ಒಳಗೆ ಔಷಧವಿಲ್ಲದ ಮಾತ್ರೆ ಕೊಡುತ್ತಾರೆಯೇ? ಇದಕ್ಕೆ ಪ್ಲಸೀಬೊ ಎನ್ನುತ್ತಾರೆ. ಎಂದಿನ ಚಿಕಿತ್ಸೆಯ ಮೇಲೆ ಅದನ್ನು ಕೊಟ್ಟರೆ ಅದರಲ್ಲಿ ಮೋಸವಿಲ್ಲ, ಆದರೆ ನಿಮಗೆ ಅದು ಸಿಗಬಹುದು ಎಂದು ಮೊದಲೇ ಹೇಳಿರಬೇಕು.

ಇನ್ನು ಅಳತೆಯ ಮಾತು. ‘ರೋಗಿಗೆ ಹಾಯೆನಿಸಿತು’ ಎಂಬುದು ಅಳತೆಯಲ್ಲ. ಹೊಸ ಗುಳ್ಳೆ ಏಳುವುದು ಯಾವ ದಿನ ನಿಂತಿತು, ಜ್ವರ ಯಾವಾಗ ಬಿಟ್ಟಿತು, ಎಲ್ಲ ಗುಳ್ಳೆಗಳೂ ಯಾವಾಗ ಹಕ್ಕಳೆ ಕಟ್ಟಿದವು, ಎಷ್ಟು ಜನರಿಗೆ ನ್ಯುಮೋನಿಯಾ ಆಯಿತು ಎಂಬಂಥವು ಅಳತೆಗಳು. ಗುಳ್ಳೆ ಎಣಿಸುವವರಿಗೆ ಯಾರು ಯಾವ ಮಾತ್ರೆ ನುಂಗಿದ್ದಾರೆ ಎಂಬುದು ತಿಳಿದಿರಬಾರದು. ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆ ತಿದ್ದುವಾಗ ಹುಡುಗನ ಹೆಸರು ಮರೆಮಾಡಿರುತ್ತಾರಲ್ಲ, ಅದೇ ನ್ಯಾಯ. ಹೆಸರು ಕಂಡರೆ ಎಂಥ ಪ್ರಾಮಾಣಿಕರ ಪೆನ್ನೂ ಅರ್ಧ ಅಂಕ ಅತ್ತಿತ್ತ ವಾಲುತ್ತದೆ.

ಬೇಡ ಎನ್ನಲೇಬೇಕಾದವರು

ಗರ್ಭಿಣಿಯರು ಸಾರ್ಟಾನ್ ಮಾತ್ರೆ ನುಂಗಬಾರದು. ಹೊಟ್ಟೆಯಲ್ಲಿರುವ ಮಗುವಿನ ಮೂತ್ರಪಿಂಡಕ್ಕೂ ಜೀವಕ್ಕೂ ಅಪಾಯ. ತಿಂಗಳು ತಪ್ಪಿದೆ ಎಂಬ ಸಣ್ಣ ಅನುಮಾನವಿದ್ದರೂ ಮೊದಲು ಪರೀಕ್ಷೆ ಮಾಡಿಸಿ. ಅತ್ತೆಯ ಎದುರು ಹೇಳಲು ಸಂಕೋಚವಾದರೆ, ಒಬ್ಬಳೇ ಮಾತಾಡಬೇಕು ಎಂದು ನರ್ಸ್‌ಗೆ ಹೇಳಿ. ಅಂಥ ಖಾಸಗಿ ಮಾತಿಗೆ ಜಾಗ ಮಾಡಿಕೊಡುವುದು ಸಂಶೋಧಕರ ಕರ್ತವ್ಯ. ಗರ್ಭಿಣಿಗೆ ಚಿಕನ್‌ಪಾಕ್ಸ್ ಬರುವುದೇ ಒಂದು ಅಪಾಯ, ಅವರು ಸಂಶೋಧನೆಯ ಗೊಡವೆ ಬಿಟ್ಟು ನೇರ ತಜ್ಞರ ಬಳಿ ಹೋಗಬೇಕು.

ಮೂತ್ರಪಿಂಡದ ತೊಂದರೆ ಇರುವವರು ಕೂಡ ಬೇಡ ಎನ್ನಬೇಕು. ಬಳ್ಳಾರಿಯ ಮಟ್ಟಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಕಾಯಿಲೆ ಹೆಚ್ಚು ಕಾಣುವುದು ಚಳಿ ಕಳೆದು ಬಿಸಿಲು ಏರುವ ತಿಂಗಳುಗಳಲ್ಲಿ. ಶಿವರಾತ್ರಿ ಕಳೆಯಿತೆಂದರೆ ನಮ್ಮ ಊರಿನ ಬಿಸಿಲು ಎಂಥದೆಂದು ಹೇಳಬೇಕಿಲ್ಲ. ಜೀನ್ಸ್ ಹೊಲಿಯುವ ಘಟಕದಲ್ಲಿ ತಗಡಿನ ಮಾಡಿನ ಕೆಳಗೆ ಬೆವರುವ ಹುಡುಗನ ಮೈಯಲ್ಲಿ ನೀರು ಮೊದಲೇ ಕಡಿಮೆ. ಅದರ ಮೇಲೆ ಜ್ವರ. ಬಾಯೊಳಗೆ ಗುಳ್ಳೆ ಎದ್ದರೆ ನೀರು ನುಂಗುವುದೂ ಕಷ್ಟ. ಅಸೈಕ್ಲೋವಿರ್ ಮೂತ್ರಪಿಂಡದ ಮೂಲಕವೇ ಹೊರಹೋಗುವ ಔಷಧ, ನೀರು ಸಾಲದಿದ್ದರೆ ಅಲ್ಲಿ ಹರಳುಗಟ್ಟಬಹುದು. ಸಾರ್ಟಾನ್ ಕೂಡ ನೀರಾರಿದ ಮೈಯಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು. ಇಷ್ಟು ಸಾಲದೆಂಬಂತೆ ಮೈಕೈ ನೋವಿಗೆಂದು ಅಂಗಡಿಯಿಂದ ಐಬುಪ್ರೊಫೆನ್ ತಂದು ನುಂಗಿದರೆ ಮೂರನೆಯ ಹೊರೆಯೂ ಅದರ ಮೇಲೇ ಬೀಳುತ್ತದೆ. ಚಿಕನ್‌ಪಾಕ್ಸ್‌ನಲ್ಲಿ ಐಬುಪ್ರೊಫೆನ್ ಹೇಗೂ ಒಳ್ಳೆಯದಲ್ಲ, ಚರ್ಮದ ಸೋಂಕು ಬಿಗಡಾಯಿಸಬಹುದು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮಕ್ಕಳಿಗಂತೂ ಆಸ್ಪಿರಿನ್ ಕೊಡಲೇಬಾರದು.

ಎಳನೀರಿನ ವಿಷಯ ಯಾವ ಒಪ್ಪಿಗೆ ಪತ್ರದಲ್ಲೂ ಇರುವುದಿಲ್ಲ, ಆದರೆ ನಮ್ಮ ಮನೆಗಳಲ್ಲಿ ಅಮ್ಮ ಬಂದವರಿಗೆ ತಂಪಿಗೆಂದು ಮೊದಲು ಕೊಡುವುದೇ ಅದನ್ನು. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸಾರ್ಟಾನ್ ಮಾತ್ರೆಗಳು ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತವೆ. ಆರೋಗ್ಯವಂತರು ಒಂದು ಎಳನೀರು ಕುಡಿದರೆ ಹೆದರಬೇಕಿಲ್ಲ. ಮೂತ್ರಪಿಂಡ ಕುಂದಿದವರಿಗೆ ದಿನಕ್ಕೆ ಮೂರು ನಾಲ್ಕು ಕುಡಿಸಿದರೆ ಹೃದಯದ ಬಡಿತವೇ ತಪ್ಪಬಹುದು. ಸಂಶೋಧಕರನ್ನು ನೇರವಾಗಿ ಕೇಳಿ: ಎಳನೀರು ಎಷ್ಟು ಕುಡಿಯಬಹುದು? ಅವರು ತಡವರಿಸಿದರೆ, ನಮ್ಮ ಊರಿನ ರೋಗಿ ಹೇಗೆ ಬದುಕುತ್ತಾನೆ ಎಂದು ಅವರು ಯೋಚಿಸಿಲ್ಲ ಎಂದೇ ಅರ್ಥ. ಮಾತ್ರೆ ಶುರು ಮಾಡುವ ಮೊದಲೂ ಆಮೇಲೂ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಹೇಗಿದೆ ಎಂದು ತಿಳಿಸುವ ಅಳತೆ) ಮತ್ತು ಪೊಟ್ಯಾಸಿಯಂ ನೋಡುತ್ತಾರೆಯೇ, ಬಿಪಿಯನ್ನು ಕುಳಿತಾಗಲೂ ನಿಂತಾಗಲೂ ಅಳೆಯುತ್ತಾರೆಯೇ ಎಂದೂ ಕೇಳಿ. ಬಿಪಿಯೇ ಇಲ್ಲದವನಿಗೆ ಬಿಪಿ ಇಳಿಸುವ ಮಾತ್ರೆ ಕೊಡುತ್ತಿದ್ದಾರೆ. ಎದ್ದ ಕೂಡಲೇ ಕಣ್ಣು ಕತ್ತಲಿಟ್ಟು ಬಚ್ಚಲಲ್ಲಿ ಬಿದ್ದರೆ ಏಟು ಯಾರಿಗೆ?

ಮತ್ತೆ ಮತ್ತೆ ಬನ್ನಿ ಎಂದರೆ

ಮೂರನೆಯ ದಿನ, ಏಳನೆಯ ದಿನ, ಹದಿನಾಲ್ಕನೆಯ ದಿನ ತಪಾಸಣೆಗೆ ಬರಬೇಕು ಎಂದು ಕಾಗದ ಹೇಳುತ್ತದೆ. ಹೇಗೆ ಬರುವುದು? ಗುಳ್ಳೆ ಏಳುವ ಒಂದೆರಡು ದಿನ ಮೊದಲಿನಿಂದ ಎಲ್ಲ ಗುಳ್ಳೆಗಳೂ ಹಕ್ಕಳೆ ಕಟ್ಟುವವರೆಗೆ ಈ ರೋಗ ಗಾಳಿಯಲ್ಲೇ ಹರಡುತ್ತದೆ. ಕಂಪ್ಲಿಯಿಂದ ತುಂಬಿದ ಬಸ್ಸಿನಲ್ಲಿ ಬಂದರೆ ಪಕ್ಕದ ಸೀಟಿನಲ್ಲಿ ಬಸುರಿ ಹೆಂಗಸು ಇರಬಹುದು, ಕ್ಯಾನ್ಸರ್ ಚಿಕಿತ್ಸೆಗೆ ಹೊರಟ ಮುದುಕ ಇರಬಹುದು. ಆದ್ದರಿಂದ ಮನೆಗೇ ಬಂದು ನೋಡುತ್ತೀರಾ ಅಥವಾ ವಾಹನ ಕಳಿಸುತ್ತೀರಾ ಎಂದು ಸಹಿಗೆ ಮೊದಲೇ ಕೇಳಿ. ಓಡಾಟದ ಖರ್ಚು, ತಪ್ಪಿದ ಕೂಲಿ ಭರಿಸಿಕೊಡಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಸಂಶೋಧನೆಗೆಂದು ಮಾಡುವ ರಕ್ತಪರೀಕ್ಷೆಗೆ ನೀವು ಹಣ ಕೊಡಬೇಕಿಲ್ಲ.

ಸಹಿಯ ಹೊತ್ತು

ಕಾಗದವನ್ನು ಮನೆಗೆ ಒಯ್ದು ಓದುತ್ತೇನೆ ಎನ್ನಬಹುದು. ಓದು ಬಾರದವರಿಗೆ ಅದನ್ನು ಪೂರ್ತಿ ಓದಿ ಹೇಳಬೇಕು. ಸಂಶೋಧನೆಗೆ ಸಂಬಂಧಪಡದ ಸಾಕ್ಷಿಯೊಬ್ಬರು ಪೂರ್ತಿ ಹೊತ್ತು ಅಲ್ಲೇ ಇದ್ದು ಸಹಿ ಹಾಕಬೇಕು. ಅದೇ ವಾರ್ಡಿನ ಸಂಶೋಧನಾ ಸಹಾಯಕ ಸಾಕ್ಷಿಯಾಗುವಂತಿಲ್ಲ. ಆಲೂರು, ಆದೋನಿ, ರಾಯದುರ್ಗದ ಕಡೆಯಿಂದ ಬಂದವರು ತೆಲುಗಿನ ಪ್ರತಿ ಕೇಳಿ ಪಡೆಯಬೇಕು, ಕನ್ನಡ ಮಾತು ಬರುತ್ತದೆ ಎಂದ ಮಾತ್ರಕ್ಕೆ ಕನ್ನಡ ಓದು ಬರುತ್ತದೆ ಎಂದಲ್ಲ. ಸಹಿಯಾದ ಪತ್ರದ ಒಂದು ಪ್ರತಿ ನಿಮಗೆ ಸಿಗಲೇಬೇಕು. ಅದರಲ್ಲಿ ಸಂಶೋಧಕರ ಮೊಬೈಲ್ ಸಂಖ್ಯೆ, ಎಥಿಕ್ಸ್ ಕಮಿಟಿಯ ಸಂಪರ್ಕ ಎರಡೂ ಇವೆಯೇ ನೋಡಿ. ಮೊಬೈಲ್ ಸಂಖ್ಯೆಗೆ ಅಲ್ಲೇ ಕರೆ ಮಾಡಿ ನೋಡಿ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಕೆಲವರು ಮುಖ ಗಂಟಿಕ್ಕುತ್ತಾರೆ, ಗಂಟಿಕ್ಕಲಿ.

ಭಾರತದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ 2007ರಲ್ಲಿ ಶುರುವಾಯಿತು. ಅದರ ಸಂಖ್ಯೆ ಸಿಟಿಆರ್‌ಐ ಎಂದು ಆರಂಭವಾಗಿ ವರ್ಷ, ತಿಂಗಳು, ಆಮೇಲೆ ಅಂಕಿಗಳಿರುತ್ತವೆ. ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮೊದಲೇ ನೋಂದಣಿ ಆಗಿರಬೇಕು. ಕಾಲೇಜಿಗೆ ಹೋಗುವ ಮಕ್ಕಳಿಗೆ ಸಂಖ್ಯೆ ಕೊಡಿ, ಎರಡು ನಿಮಿಷದಲ್ಲಿ ಮೊಬೈಲ್‌ನಲ್ಲಿ ಹುಡುಕುತ್ತಾರೆ. ಅಲ್ಲಿ ಬರೆದಿರುವ ಅಳತೆಗಳೂ ನಿಮ್ಮ ಕಾಗದದಲ್ಲಿರುವವೂ ಒಂದೇ ಆಗಿವೆಯೇ ಎಂದು ಹೋಲಿಸಲು ಹೇಳಿ.

ಪರಿಹಾರದ ಭಾಗ ಚಿಕ್ಕದಾಗಿರುತ್ತದೆ, ಅದನ್ನು ಎರಡು ಸಲ ಓದಿ. ಸಂಶೋಧನೆಯಲ್ಲಿದ್ದಾಗ ತೊಂದರೆಯಾದರೆ ಚಿಕಿತ್ಸೆ ಉಚಿತ, ತೊಂದರೆಗೆ ಸಂಶೋಧನೆಯೇ ಕಾರಣ ಎಂದಾದರೆ ಪರಿಹಾರ. ಕಂಪನಿ ಇಲ್ಲದೆ ಕಾಲೇಜಿನವರೇ ನಡೆಸುವ ಅಧ್ಯಯನವಾದರೆ, ಹಣ ಯಾರ ಜೇಬಿನಿಂದ ಬರುತ್ತದೆ ಎಂದು ಬರೆದಿದ್ದಾರೆಯೇ ನೋಡಿ. ಯಾವಾಗ ಬೇಕಾದರೂ ಹೊರಬರಬಹುದು, ಹೊರಬಂದರೂ ಮಾಮೂಲಿ ಚಿಕಿತ್ಸೆ ತಪ್ಪುವುದಿಲ್ಲ ಎಂಬ ಸಾಲು ಇಲ್ಲದಿದ್ದರೆ ಪೆನ್ನು ಕೆಳಗಿಡಿ.

ಮನೆಯ ಹಿರಿಯರು ಅಮ್ಮ ಇರುವಾಗ ಮಾತ್ರೆ ಕೂಡದು ಎಂದರೆ ಜಗಳ ಬೇಡ. ಬೇವಿನ ಸೊಪ್ಪು ಹಾಸಿಗೆಯ ಪಕ್ಕದಲ್ಲಿರಲಿ, ಮೊಸರನ್ನದ ಎಡೆಯೂ ಆಗಲಿ, ಮಾತ್ರೆಯೂ ಇರಲಿ ಎಂದರೆ ಹೆಚ್ಚಿನ ಅತ್ತೆಯರು ಒಪ್ಪುತ್ತಾರೆ. ಒಪ್ಪದಿದ್ದರೆ ಸಂಶೋಧನೆಗೆ ಸೇರಬೇಡಿ. ಆದರೆ ಸೇರಿದ ಮೇಲೆ ಮಾತ್ರೆ ನುಂಗದೆ ನುಂಗಿದೆ ಎಂದು ಮಾತ್ರ ಹೇಳಬೇಡಿ. ನಿಮ್ಮ ಒಂದು ಸುಳ್ಳಿನಿಂದ ನಾಳೆ ಕೆಲಸಕ್ಕೆ ಬಾರದ ಮಾತ್ರೆ ಒಳ್ಳೆಯದೆನಿಸಿಕೊಳ್ಳಬಹುದು, ಒಳ್ಳೆಯದು ಮೂಲೆಗೆ ಬೀಳಬಹುದು. ಬಿಟ್ಟ ದಿನಗಳನ್ನು ಬಿಟ್ಟೆ ಎಂದೇ ಬರೆಸಿ.

ಉಸಿರು ಕಟ್ಟಿದರೆ, ಕೆಮ್ಮಿನ ಜೊತೆ ಎದೆ ನೋವು ಬಂದರೆ, ಮಂಪರು ಹಿಡಿದರೆ, ನಡಿಗೆ ತೂರಾಡಿದರೆ, ತುಟಿ ಮುಖ ಊದಿದರೆ, ಮೂತ್ರ ಕಡಿಮೆಯಾದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯಬೇಡಿ. ಕರೆ ಮಾಡಿ, ಉತ್ತರ ಬರದಿದ್ದರೆ 108ಕ್ಕೆ ಮಾಡಿ. ಆಸ್ಪತ್ರೆಯಲ್ಲಿ ಮೊದಲ ಮಾತೇ ಇದಾಗಿರಲಿ: ಚಿಕನ್‌ಪಾಕ್ಸ್ ಇದೆ, ಒಂದು ಸಂಶೋಧನೆಯಲ್ಲಿ ಬಿಪಿ ಮಾತ್ರೆ ಕೊಡುತ್ತಿರಬಹುದು.

ಅವಧಿ ಮುಗಿದಾಗ ನಾನು ಯಾವ ಗುಂಪಿನಲ್ಲಿದ್ದೆ, ಫಲಿತಾಂಶ ಯಾವಾಗ ತಿಳಿಸುತ್ತೀರಿ ಎಂದು ಕೇಳಿಡಿ. ಉಳಿದ ಮಾತ್ರೆಗಳನ್ನು ಆ ಸ್ಟೀಲ್ ಡಬ್ಬಿಗೆ ಹಾಕಬೇಡಿ, ಪಕ್ಕದ ಮನೆಯವರಿಗೂ ಕೊಡಬೇಡಿ. ಖಾಲಿ ಹಾಳೆಗಳ ಸಮೇತ ಎಣಿಸಿ ಸಂಶೋಧಕರಿಗೇ ಹಿಂತಿರುಗಿಸಿ, ಎಷ್ಟು ಕೊಟ್ಟಿರಿ ಎಂಬುದನ್ನು ನಿಮ್ಮ ಪ್ರತಿಯ ಹಿಂಬದಿಯಲ್ಲಿ ಬರೆಸಿ ಅವರ ಸಹಿ ಹಾಕಿಸಿಕೊಳ್ಳಿ.